ಮಾವಿನೂರಿನಲ್ಲಿ ವಾಲ್ವಿನ ದನಿ

ಶ್ರೀನಿವಾಸಪುರವೆಂದರೆ ಯಾರಿಗಾದರೂ ಮೊದಲು ನೆನಪಾಗುವುದು ಮಾವು. ಕೋಲಾರದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿರುವ ಈ ತಾಲ್ಲೂಕು ಕೇಂದ್ರಕ್ಕೆ ಜೂನ್ ತಿಂಗಳಲ್ಲಿ ಬಂದಿಳಿದವರಿಗೆ ಊರು ಕಾಣುವ ಮೊದಲೇ ಅದರ ಪರಿಮಳ ಸಿಗುತ್ತದೆ. ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ, ನೀಲಂ, ತೋತಾಪುರಿ ಎಂದು ಮಂಡಿಗಳಲ್ಲಿ ರಾಶಿ ಬೀಳುತ್ತವೆ. ಹಣ್ಣಾಗಿ ತಿನ್ನುವುದು ಕೆಲವು, ರಸ ತೆಗೆಯಲು ಕಾರ್ಖಾನೆಗೆ ಹೋಗುವುದು ಕೆಲವು, ಉಪ್ಪಿನಕಾಯಿ ಜಾಡಿಗೆ ಇಳಿಯುವುದು ಇನ್ನು ಕೆಲವು. ಕೆಂಪು ಮಣ್ಣು, ಬಂಡೆ ಗುಡ್ಡ, ಮಳೆಗಾಗಿ ಬಾಯಿ ತೆರೆದು ಕುಳಿತ ಕೆರೆ, ಅವುಗಳ ನಡುವೆ ಸಾಲು ಹಿಡಿದ ಮಾವಿನ ತೋಪು: ಇದು ತಾಲ್ಲೂಕಿನ ಚಹರೆ.

ಊರಿನ ಹಳೆಯ ಹೆಸರು ಪಾಪನಪಲ್ಲಿ. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಇದಕ್ಕೆ ಇಟ್ಟರು. ಹೆಸರು ಬದಲಾದರೂ ‘ಪಲ್ಲಿ’ಯ ನಂಟು ಬಿಟ್ಟುಹೋಗಲಿಲ್ಲ. ಆಂಧ್ರದ ಗಡಿ ಇಲ್ಲಿಗೆ ಹತ್ತಿರ. ರೋಣೂರು, ಯಲ್ದೂರು, ನೆಲವಂಕಿ, ರಾಯಲ್ಪಾಡು ಹೋಬಳಿಗಳ ಹಳ್ಳಿಗಳಲ್ಲಿ ಕನ್ನಡ ಮತ್ತು ತೆಲುಗು ಒಂದೇ ಜಗಲಿಯ ಮೇಲೆ ಕುಳಿತಿರುತ್ತವೆ. ಮಂಡಿಯಲ್ಲಿ ಕನ್ನಡದಲ್ಲಿ ಆರಂಭವಾದ ಚೌಕಾಸಿ ತೆಲುಗಿನಲ್ಲಿ ಮುಗಿಯುವುದುಂಟು. ಲಾರಿಗೆ ಸರಕು ಹೇರುವಾಗ ನಡುವೆ ಉರ್ದು ನುಗ್ಗುವುದೂ ಉಂಟು. ಕಣ್ಣು, ಮೂಗು, ನಾಲಗೆಗಳಷ್ಟೇ ಅಲ್ಲ, ಕಿವಿ ತೆರೆದುಕೊಂಡು ನೋಡಬೇಕಾದ ಊರು ಇದು.

ಹರಿಕಥೆ, ಬುರ್ರಕಥೆ, ಕುರುಕ್ಷೇತ್ರದಂಥ ಪೌರಾಣಿಕ ನಾಟಕ, ಗಂಗಮ್ಮನ ಜಾತ್ರೆ, ದ್ರೌಪದಮ್ಮನ ಕರಗ, ರಾಜಕೀಯ ಭಾಷಣ, ಶಾಲಾ ವಾರ್ಷಿಕೋತ್ಸವ ಎಂದು ಕೋಲಾರ ಸೀಮೆಯ ಬಯಲುಗಳಲ್ಲಿ ಜನ ಸೇರಲು ನೆಪಗಳಿಗೆ ಬರವಿಲ್ಲ. ಜನ ಸೇರಿದಲ್ಲಿ ಮೈಕ್ ಸೆಟ್ ಇರಲೇಬೇಕು. 1960 ಮತ್ತು 70ರ ದಶಕಗಳ ಮೈಕ್ ಸೆಟ್ಟು ಎಂದರೆ ಮರದ ಪೆಟ್ಟಿಗೆಯಲ್ಲಿ ಹುಷಾರಾಗಿ ಇಳಿಸುತ್ತಿದ್ದ ಭಾರವಾದ ಆಂಪ್ಲಿಫೈಯರ್, ಕಂಬಕ್ಕೆ ಬಿಗಿಯುವ ಹಾರ್ನ್, ಮತ್ತು ಪೆಟ್ಟಿಗೆಯ ಜಾಲರಿಯೊಳಗೆ ಕೆಂಡದಂತೆ ಬೆಳಗುವ ಗಾಜಿನ ವಾಲ್ವುಗಳು.

ಬಲ್ಬಲ್ಲದ ಬಲ್ಬು

ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಅಂಥ ಹಳೆಯ ಪೆಟ್ಟಿಗೆಯನ್ನು ತಂದೆಯೊಡನೆ ನೋಡುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಅವಳ ಮೊದಲ ಪ್ರಶ್ನೆ ಹೀಗಿರಬಹುದು:

‘ಅಪ್ಪಾ, ಬೆಳಕು ಇಷ್ಟು ಕಮ್ಮಿ, ಇದೆಂಥಾ ಬಲ್ಬು?’

‘ಬಲ್ಬಲ್ಲಮ್ಮ ಅದು, ವಾಲ್ವು. ಬೆಳಕು ಕೊಡೋಕಲ್ಲ, ದನಿ ದೊಡ್ಡದು ಮಾಡೋಕೆ.’

ತಂದೆಯ ಉತ್ತರ ಸರಿಯೇ. ಆದರೆ ಮಗಳ ಪ್ರಶ್ನೆಯೂ ತಪ್ಪಲ್ಲ, ಏಕೆಂದರೆ ವಾಲ್ವು ಹುಟ್ಟಿದ್ದೇ ಬಲ್ಬಿನ ಹೊಟ್ಟೆಯಲ್ಲಿ. ಕಾದ ತಂತಿಯಿಂದ ಬಲ್ಬಿನೊಳಗಿನ ಇನ್ನೊಂದು ಲೋಹದ ತುಂಡಿಗೆ ವಿದ್ಯುತ್ ಹರಿಯುವುದನ್ನು 1880ರ ದಶಕದಲ್ಲಿ ಎಡಿಸನ್ ಗಮನಿಸಿದ್ದರು. ಅದನ್ನೇ ಬಳಸಿ 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ವಿದ್ಯುದಗ್ರಗಳ ಡಯೋಡ್ ವಾಲ್ವನ್ನು ರೂಪಿಸಿದರು. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಅದರ ನಡುವೆ ಒಂದು ತಂತಿಯ ಜಾಲರಿಯನ್ನು ಸೇರಿಸಿದರು. ಅಲ್ಲಿಗೆ ಟ್ರಯೋಡ್ ಸಿದ್ಧವಾಯಿತು.

ಟ್ರಯೋಡಿನ ಕೆಲಸ ಕೆರೆಯ ತೂಬಿನಂತೆ. ಗಾಳಿ ತೆಗೆದ ಗಾಜಿನ ನಳಿಕೆಯಲ್ಲಿ ಕ್ಯಾಥೋಡ್ ಕಾದಾಗ ಎಲೆಕ್ಟ್ರಾನುಗಳು ಹೊರಬೀಳುತ್ತವೆ. 200ರಿಂದ 300 ವೋಲ್ಟ್ ಧನ ವಿಭವದ ಆನೋಡ್ ಅವನ್ನು ತನ್ನತ್ತ ಸೆಳೆಯುತ್ತದೆ. ನಡುವಿನ ಜಾಲರಿಯೇ ತೂಬು. ಅದರ ಮೇಲಿನ ಋಣ ವಿಭವ ಕೊಂಚವೇ ಹೆಚ್ಚು ಕಡಿಮೆಯಾದರೂ ಎಲೆಕ್ಟ್ರಾನುಗಳ ಹರಿವು ಬಹಳವಾಗಿ ಬದಲಾಗುತ್ತದೆ. ತೂಬಿನ ಕೋಲನ್ನು ಎತ್ತುವುದಕ್ಕೆ ಒಬ್ಬನ ಕೈ ಸಾಕು, ಹರಿಯುವ ನೀರು ಇಡೀ ಬಯಲಿಗೆ. ಮೈಕಿನಿಂದ ಬಂದ ಸಣ್ಣ ಸಂಕೇತ ಜಾಲರಿಯನ್ನು ಅಲುಗಿಸಿದರೆ ಆನೋಡಿನಲ್ಲಿ ಅದರದೇ ದೊಡ್ಡ ಪ್ರತಿರೂಪ ದೊರೆಯುತ್ತದೆ. ವಾಲ್ವಿನ ಹೆಸರಿನಲ್ಲೇ ಅದರ ಜಾತಕವಿದೆ. ‘ಇಸಿಸಿ 83’ ಎಂದಿದ್ದರೆ ‘ಇ’ ಎಂದರೆ ಕಾಯಿಸುವ ತಂತಿಗೆ 6.3 ವೋಲ್ಟ್, ಎರಡು ‘ಸಿ’ ಎಂದರೆ ಒಂದೇ ಗಾಜಿನಲ್ಲಿ ಎರಡು ಟ್ರಯೋಡ್, 8 ಎಂದರೆ ಒಂಬತ್ತು ಕಾಲಿನ ತಳ. ಇದರ ವರ್ಧನಾಂಕ ಸುಮಾರು 100.

ಚಿನ್ನದ ನಾಡಿನ ವಿದ್ಯುತ್ತು

ಈ ವಿದ್ಯೆಗೂ ಕೋಲಾರ ಜಿಲ್ಲೆಗೂ ಹಳೆಯ ಸಂಬಂಧವಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಹರಿದು ಮೊದಲು ತಲುಪಿದ್ದು ಬೆಂಗಳೂರನ್ನಲ್ಲ, ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಅದೇ ಗಣಿಗಳಲ್ಲಿ ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹನ್ನು ಪತ್ತೆ ಮಾಡಿದರು. ಅಲ್ಲಿ ಮಿಣುಕು ಬೆಳಕನ್ನು ವಿದ್ಯುತ್ ಸಂಕೇತವಾಗಿ ಹಿಗ್ಗಿಸಿದ ಫೋಟೊಮಲ್ಟಿಪ್ಲೈಯರ್ ಕೂಡ ವಾಲ್ವುಗಳ ವಂಶದ್ದೇ, ಅಂದರೆ ನಿರ್ವಾತ ನಳಿಕೆ. ಗಣಿಗಳು 2001ರಲ್ಲಿ ಮುಚ್ಚಿದವು.

ಕನ್ನಡ ನಾಡಿಗೆ ರೇಡಿಯೊ ಬಂದದ್ದೂ ವಾಲ್ವಿನ ಬೆನ್ನೇರಿಯೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ 30 ವ್ಯಾಟ್ ಪ್ರೇಷಕದ ಮೂಲಕ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. 30 ವ್ಯಾಟ್ ಎಂದರೆ ಜಾತ್ರೆಯ ಒಂದು ಸಾಧಾರಣ ಮೈಕ್ ಸೆಟ್ಟಿನ ಶಕ್ತಿ! ಮುಂದೆ ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವುಗಳನ್ನು ತಯಾರಿಸತೊಡಗಿತು. ಹೊರದೇಶದಿಂದ ಬರಬೇಕಾಗಿದ್ದ ಗಾಜಿನ ನಳಿಕೆ ಪಕ್ಕದ ಜಿಲ್ಲೆಯಲ್ಲೇ ತಯಾರಾಯಿತು.

ಕಾಯಿ, ತಾಯಿ, ಬಾಯಿ

ದನಿ ದೊಡ್ಡದಾದರೆ ಸಾಲದು, ಮಾತು ತಿಳಿಯಬೇಕು. ಇವೆರಡೂ ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ಗದ್ದಲ ಹುಟ್ಟುವುದು. ‘ಕಾಯಿ, ತಾಯಿ, ಬಾಯಿ’ ಎಂಬ ಮೂರು ಮಾತುಗಳನ್ನು ಗಮನಿಸಿ. ಮೂರರಲ್ಲೂ ಸ್ವರ ಒಂದೇ. ಬೇರೆಯಾಗಿರುವುದು ಮೊದಲ ವ್ಯಂಜನ. ಸ್ವರದ ಬಲವೆಲ್ಲ ಹೆಚ್ಚಾಗಿ 1000 ಹರ್ಟ್ಸ್‌ಗಿಂತ ಕೆಳಗಿನ ಆವೃತ್ತಿಗಳಲ್ಲಿದೆ. ವ್ಯಂಜನದ ಗುರುತು ಬಹಳಮಟ್ಟಿಗೆ 2000ದಿಂದ 4000 ಹರ್ಟ್ಸ್ ಸುತ್ತಮುತ್ತ ಇರುತ್ತದೆ, ಅದೂ ಬಹಳ ಕ್ಷೀಣವಾಗಿ. ‘ಸ’, ‘ಶ’ಗಳ ಸೀಳುದನಿ ಇನ್ನೂ ಮೇಲಕ್ಕೆ ಹೋಗುತ್ತದೆ. ಮೈಕ್ ಸೆಟ್ಟು ಕೆಳಗಿನದನ್ನೇ ಉಬ್ಬಿಸಿ ಮೇಲಿನದನ್ನು ನುಂಗಿದರೆ ಹಿಂದಿನ ಸಾಲಿಗೆ ತಲುಪುವುದು ಬರೀ ‘ಆಯಿ, ಆಯಿ, ಆಯಿ’. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಮೇಲಿನ ಆವೃತ್ತಿಗಳನ್ನೇ. ನಾಟಕಕ್ಕೆ ಬಂದು ಹಿಂದೆ ಕುಳಿತ ಅಜ್ಜಿಗೆ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ‘ಇನ್ನೂ ಜೋರಾಗಿ ಇಡಪ್ಪಾ’ ಎಂಬ ಕೂಗು ಏಳುತ್ತದೆ. ಎರಡು ಬೀದಿ ಆಚೆ ಪರೀಕ್ಷೆಗೆ ಓದುತ್ತಿರುವ ಹುಡುಗ ಕಿವಿ ಮುಚ್ಚಿಕೊಳ್ಳುತ್ತಾನೆ.

ಈ ಇಬ್ಬರ ಜಗಳವನ್ನು ಬಗೆಹರಿಸಬಲ್ಲ ಸಾಧನವೇ ಈಕ್ವಲೈಸರ್. ದನಿಯ ಕೆಳ, ನಡು, ಮೇಲಿನ ಆವೃತ್ತಿಗಳನ್ನು ಬೇರೆ ಬೇರೆಯಾಗಿ ತಗ್ಗಿಸುವ, ಏರಿಸುವ ಸಲಕರಣೆ ಅದು. ಮೊದಲು ಅದು ಬೇಕಾದದ್ದು ದೂರವಾಣಿಗೆ. ಉದ್ದನೆಯ ತಂತಿಯಲ್ಲಿ ಸಾಗುವಾಗ ಮೇಲಿನ ಆವೃತ್ತಿಗಳು ಹೆಚ್ಚು ಸವೆಯುತ್ತವೆ. ಸವೆದದ್ದನ್ನು ಸರಿದೂಗಿಸಿ ಮತ್ತೆ ಸಮ ಮಾಡುವುದರಿಂದಲೇ ಆ ಹೆಸರು. 300ರಿಂದ 3400 ಹರ್ಟ್ಸ್‌ನಷ್ಟೇ ಹಾದಿಯಲ್ಲಿ ದೂರವಾಣಿಯ ಮಾತು ಚೆನ್ನಾಗಿ ತಿಳಿಯುತ್ತದೆ ಎಂಬುದನ್ನು ನೆನಪಿಟ್ಟರೆ, ಭಾಷಣಕ್ಕೆ ‘ಬೇಸ್’ ತಿರುಗಿಸುವವರ ಕೈ ತಾನಾಗಿ ಹಿಂದೆ ಸರಿದೀತು.

ಈಕ್ವಲೈಸರಿನ ಒಳಗೆ ಪಿ.ಯು.ಸಿ. ಪಾಠದ ಧಾರಕ, ರೋಧಕ, ಪ್ರೇರಕಗಳೇ ಇರುತ್ತವೆ. 10 ಕಿಲೋ ಓಮ್ ರೋಧಕವನ್ನು 0.016 ಮೈಕ್ರೊಫ್ಯಾರಡ್ ಧಾರಕದೊಡನೆ ಜೋಡಿಸಿದರೆ ಅದು ಸುಮಾರು 1000 ಹರ್ಟ್ಸ್ ಬಳಿ ದಾರಿ ಕವಲೊಡೆಯುತ್ತದೆ. 1ನ್ನು 2 ಪೈ ಆರ್ ಸಿ ಯಿಂದ ಭಾಗಿಸಿ ವಿದ್ಯಾರ್ಥಿಗಳು ತಾವೇ ತಾಳೆ ನೋಡಬಹುದು. ಆದರೆ ಇಂಥ ಸೋಸುವ ಜಾಲ ಸಂಕೇತವನ್ನು ಬಡವಾಗಿಸುತ್ತದೆ. 1951ರಲ್ಲಿ ಅಮೆರಿಕದಲ್ಲಿ ಬಂದ, ಇಂದಿಗೂ ಧ್ವನಿಮುದ್ರಣದವರು ಗೌರವಿಸುವ ‘ಪುಲ್‌ಟೆಕ್’ ಈಕ್ವಲೈಸರಿನಲ್ಲಿ ಈ ನಷ್ಟ ಸುಮಾರು 16 ಡೆಸಿಬೆಲ್, ಎಂದರೆ ವೋಲ್ಟೇಜು ಆರರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಇಳಿದದ್ದನ್ನು ಮತ್ತೆ ಎತ್ತಿ ಕೊಡುವುದು ವಾಲ್ವಿನ ಕೆಲಸ. 1952ರಲ್ಲಿ ಇಂಗ್ಲೆಂಡಿನ ಪೀಟರ್ ಬ್ಯಾಕ್ಸಂಡಾಲ್ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಒಂದು ವಾಲ್ವಿನ ಸುತ್ತ ಎರಡೇ ಗುಂಡಿಗಳ ಸರಳ ಜಾಲವನ್ನು ಪ್ರಕಟಿಸಿದರು. ಬೇಸ್ ಒಂದು, ಟ್ರೆಬಲ್ ಒಂದು. ದೊಡ್ಡ ಈಕ್ವಲೈಸರುಗಳು ರೇಡಿಯೊ ಕೇಂದ್ರ, ಧ್ವನಿಮುದ್ರಣ ಶಾಲೆಗಳಲ್ಲಿ ಉಳಿದರೆ, ಹಳ್ಳಿಯ ಬಯಲಿಗೆ ಬಂದದ್ದು ಇಂಥ ಎರಡು ಗುಂಡಿಗಳ ಬಡವರ ಈಕ್ವಲೈಸರು.

ಬಯಲಿನಲ್ಲಿ ಹೂಡುವ ಬಗೆ

ವಾಲ್ವಿನದಾಗಲಿ, ಈಗಿನ ಟ್ರಾನ್ಸಿಸ್ಟರಿನದಾಗಲಿ, ಈಕ್ವಲೈಸರನ್ನು ಹೂಡುವ ಕ್ರಮ ಬಹುಪಾಲು ಒಂದೇ. ಮೊದಲು ನೋಡಬೇಕಾದದ್ದು ಪೆಟ್ಟಿಗೆಯನ್ನಲ್ಲ, ಬಯಲನ್ನು. ಹಾರ್ನುಗಳು ಮೈಕಿಗಿಂತ ಮುಂದೆ, ಜನರ ಕಡೆಗೆ ಮುಖಮಾಡಿ, ತಲೆಗಳಿಗಿಂತ ಎತ್ತರದಲ್ಲಿರಬೇಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಒಂದು ಹಾರ್ನು ಹತ್ತಿರದಲ್ಲಿ, ಇನ್ನೊಂದು ಅದಕ್ಕಿಂತ 100 ಮೀಟರ್ ದೂರದ ಕಂಬದಲ್ಲಿದ್ದರೆ ಕೇಳುಗನಿಗೆ ಒಂದೇ ಮಾತು 0.3 ಸೆಕೆಂಡ್ ಅಂತರದಲ್ಲಿ ಎರಡು ಸಲ ಬರುತ್ತದೆ. ಆ ಗೊಂದಲವನ್ನು ಯಾವ ಈಕ್ವಲೈಸರೂ ಬಿಡಿಸಲಾರದು. ಹಾಗೆಯೇ ಮೈಕನ್ನು ಬಾಯಿಯಿಂದ 30 ಸೆಂಟಿಮೀಟರಿಗೆ ಬದಲು 15ಕ್ಕೆ ತಂದರೆ ಸುಮಾರು 6 ಡೆಸಿಬೆಲ್ ಪುಕ್ಕಟೆಯಾಗಿ ಸಿಗುತ್ತದೆ.

ಎರಡನೆಯದು ಭೂಸಂಪರ್ಕ. ಕೋಲಾರ ಸೀಮೆಯ ಒಣ ಕೆಂಪು ಮಣ್ಣು ವಿದ್ಯುತ್ತಿಗೆ ಸುಲಭವಾಗಿ ದಾರಿ ಕೊಡುವುದಿಲ್ಲ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಭೂಸಂಪರ್ಕ ಸರಿಯಿಲ್ಲದ ಸೆಟ್ಟಿನ ಮೈಕು ಹಿಡಿದವರ ಕೈಯೇ ಅಪಾಯದಲ್ಲಿರುತ್ತದೆ. ವೋಲ್ಟೇಜು ಏರಿಳಿಯುವ ಕಡೆ ಸ್ಟೆಬಿಲೈಸರ್ ಬೇಕು, 6.3 ವೋಲ್ಟಿನಿಂದ ಬಹಳ ದೂರ ಸರಿದ ವಾಲ್ವು ಬೇಗ ಸೊರಗುತ್ತದೆ.

ಸ್ವಿಚ್ಚು ಒತ್ತುವ ಮೊದಲೇ ಎಲ್ಲ ಜೋಡಣೆ ಮುಗಿಯಬೇಕು. ಮೈಕು, ಮಿಕ್ಸರು, ಈಕ್ವಲೈಸರು, ಆಂಪ್ಲಿಫೈಯರು, ಹಾರ್ನು, ಇದೇ ಸಾಲು. ಹಾರ್ನು ಜೋಡಿಸದೆ ವಾಲ್ವ್ ಆಂಪ್ಲಿಫೈಯರನ್ನು ಎಂದೂ ನುಡಿಸಬಾರದು. ಹೊರೆಯಿಲ್ಲದಿದ್ದರೆ ಅದರ ಔಟ್‌ಪುಟ್ ಪರಿವರ್ತಕ ಸುಟ್ಟುಹೋಗಬಹುದು. ಮೊದಲು ಈಕ್ವಲೈಸರು, ಕೊನೆಗೆ ಆಂಪ್ಲಿಫೈಯರು ಹಚ್ಚಬೇಕು, ಆರಿಸುವಾಗ ತಿರುಗುಮುರುಗು. ಹಚ್ಚಿದ ತಕ್ಷಣ ದನಿ ಬರುವುದಿಲ್ಲ. ವಾಲ್ವು ಕಾಯಬೇಕು, ಕಾಯಿಸಿದವರೂ ಕಾಯಬೇಕು. ಹತ್ತು ಹದಿನೈದು ನಿಮಿಷ ಬಿಟ್ಟು ಹೊಂದಿಸಲು ತೊಡಗಿದರೆ ಒಳ್ಳೆಯದು.

ಆಮೇಲೆ ಗುಂಡಿಗಳೆಲ್ಲ ನಡುವಿಗೆ. ಒಬ್ಬರು ಮೈಕಿನ ಮುಂದೆ ನಿಂತು ಸಹಜ ದನಿಯಲ್ಲಿ ಪಾಠವನ್ನೋ ಪತ್ರಿಕೆಯನ್ನೋ ಓದಬೇಕು. ಇನ್ನೊಬ್ಬರು ಹಿಂದಿನ ಸಾಲಿಗೆ ನಡೆದುಹೋಗಿ ಕೇಳಬೇಕು. ಗುಂಡಿಯ ಬಳಿ ಕುಳಿತವನ ಕಿವಿ ಹಿಂದಿನ ಸಾಲಿನ ಅಜ್ಜಿಯ ಪರವಾಗಿ ತೀರ್ಪು ಕೊಡಲಾರದು. ಮೊದಲ ನಿಯಮ: ಏರಿಸುವ ಮೊದಲು ತಗ್ಗಿಸು. ಮಾತಿಗೆ 150 ಹರ್ಟ್ಸ್‌ಗಿಂತ ಕೆಳಗಿನದು ಹೆಚ್ಚು ಬೇಡ. ಕಬ್ಬಿಣದ ಹಾರ್ನು ಅದನ್ನು ನುಡಿಸಲೂ ಆರದು. ದನಿ ಮಡಕೆಯೊಳಗಿಂದ ಬಂದಂತಿದ್ದರೆ 300 ಹರ್ಟ್ಸ್ ಸುತ್ತ ಕೊಂಚ ಇಳಿಸಬೇಕು. ಇಷ್ಟರಲ್ಲೇ ಮಾತು ಮುಕ್ಕಾಲು ತಿಳಿಯಾಗುತ್ತದೆ. ಸಾಲದಿದ್ದರೆ 3000 ಹರ್ಟ್ಸ್ ಬಳಿ ಎರಡು ಮೂರು ಡೆಸಿಬೆಲ್ ಏರಿಸಬಹುದು. ‘ಕುಂಯ್’ ಎಂದು ಸೆಟ್ಟು ಕೂಗಿದರೆ, ಹಾರ್ನಿನ ದನಿ ಮತ್ತೆ ಮೈಕಿಗೆ ಸೇರಿ ಸುತ್ತು ಹೊಡೆಯುತ್ತಿದೆ ಎಂದರ್ಥ. ಆ ಕೂಗಿನ ಆವೃತ್ತಿಯನ್ನಷ್ಟೇ ಹುಡುಕಿ ತಗ್ಗಿಸಬೇಕು.

ಏರಿಸುವುದು ದುಬಾರಿ ಏಕೆಂದರೆ ಪ್ರತಿ 3 ಡೆಸಿಬೆಲ್‌ಗೂ ಶಕ್ತಿ ಇಮ್ಮಡಿಯಾಗಬೇಕು. 10 ವ್ಯಾಟ್ ಬಳಸುತ್ತಿರುವಲ್ಲಿ 6 ಡೆಸಿಬೆಲ್ ಏರಿಸಿದರೆ ಬೇಕಾದದ್ದು 40 ವ್ಯಾಟ್. 30 ವ್ಯಾಟಿನ ಸೆಟ್ಟು ಅದನ್ನೆಲ್ಲಿಂದ ತಂದೀತು? ದನಿ ಒಡೆಯುತ್ತದೆ. ಕೊನೆಗೆ ಈಕ್ವಲೈಸರನ್ನು ಒಮ್ಮೆ ಸೇರಿಸಿ, ಒಮ್ಮೆ ಬಿಟ್ಟು ಹೋಲಿಸಬೇಕು, ಎರಡೂ ಸಲ ಒಟ್ಟು ಸದ್ದು ಒಂದೇ ಇರುವಂತೆ. ಜೋರಾಗಿರುವುದೆಲ್ಲ ಚೆನ್ನಾಗಿದೆ ಎಂದು ಕಿವಿ ಸುಲಭವಾಗಿ ಮೋಸಹೋಗುತ್ತದೆ. ಸರಿಹೊಂದಿದ ಜಾಗವನ್ನು ಸೀಮೆಸುಣ್ಣದಲ್ಲಿ ಗುರುತಿಸಿಟ್ಟರೆ ಹಾರ್ಮೋನಿಯಂ ಮೇಷ್ಟ್ರು ಬಂದ ಮೇಲೂ ಗಾಬರಿಯಿಲ್ಲ.

ಬೆಚ್ಚನೆಯ ದನಿ, ಬಿಸಿಯ ಅಪಾಯ

1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ನಿಧಾನವಾಗಿ ವಾಲ್ವಿನ ಜಾಗಕ್ಕೆ ಬಂದಿತು. ಆದರೂ ವಾಲ್ವಿನ ದನಿ ‘ಬೆಚ್ಚಗಿದೆ’ ಎನ್ನುವ ಅಭಿಮಾನಿಗಳಿದ್ದಾರೆ. ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ ಹೊಸ ವಾಲ್ವುಗಳು ಈಗಲೂ ತಯಾರಾಗುತ್ತವೆ. ಇದರಲ್ಲಿ ಪವಾಡವೇನಿಲ್ಲ. ಟ್ರಯೋಡು ತನ್ನ ಮಿತಿಯ ಬಳಿ ದನಿಯನ್ನು ಥಟ್ಟನೆ ಕತ್ತರಿಸದೆ ಮೆಲ್ಲಗೆ ಬಾಗಿಸುತ್ತದೆ. ಆಗ ಮೂಲ ಸ್ವರಕ್ಕೆ ಅದರ ಇಮ್ಮಡಿ ಆವೃತ್ತಿ ಸೇರಿಕೊಳ್ಳುತ್ತದೆ. ಸಂಗೀತದ ಮಾತಿನಲ್ಲಿ ಹೇಳುವುದಾದರೆ ಷಡ್ಜದ ಜೊತೆಗೆ ತಾರಷಡ್ಜ. ಅದು ಕಿವಿಗೆ ಹಿತ. ಆದರೆ ಅದೂ ಒಂದು ಬಗೆಯ ವಿಕಾರವೇ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ತಂದೆತಾಯಂದಿರು ಮರೆಯಬಾರದ್ದು ಇನ್ನೊಂದಿದೆ. ಗುಜರಿಯಲ್ಲಿ ಸಿಕ್ಕ ಹಳೆಯ ಸೆಟ್ಟನ್ನು ಮಕ್ಕಳು ಕುತೂಹಲದಿಂದ ಬಿಚ್ಚುವುದುಂಟು. ಪ್ಲಗ್ಗು ಕಿತ್ತರೆ ಅಪಾಯ ಮುಗಿಯಿತೆಂದಲ್ಲ. 100 ಮೈಕ್ರೊಫ್ಯಾರಡ್ ಧಾರಕ 300 ವೋಲ್ಟಿನಲ್ಲಿ 4.5 ಜೌಲ್ ಶಕ್ತಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ಪ್ರಾಣಕ್ಕೆ ಎರವಾಗಬಹುದು. ಧಾರಕವನ್ನು ತಕ್ಕ ರೋಧಕದ ಮೂಲಕ ಬರಿದುಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲಷ್ಟೇ ಪಳಗಿದ ಮೆಕ್ಯಾನಿಕ್‌ಗಳೂ ಒಳಗೆ ಕೈಯಿಡುತ್ತಾರೆ, ಅದೂ ಒಂದೇ ಕೈ. ವಿದ್ಯಾರ್ಥಿಗಳು ಬಲ್ಲವರ ಎದುರಿನಲ್ಲಲ್ಲದೆ ಮುಚ್ಚಳ ತೆಗೆಯಲೇಬಾರದು. 6.3 ವೋಲ್ಟಿನ ಕೆಂಪು ಬೆಳಕು ಸಾಧುವಾಗಿ ಕಾಣುತ್ತದೆ. ಕೊಲ್ಲುವುದು ಕಾಣದ 300 ವೋಲ್ಟು.

ಕಿವಿಗೂ ಮಿತಿಯಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಸಲ್ಲದು. ವರ್ಷದಲ್ಲಿ ಹೆಚ್ಚೆಂದರೆ 15 ದಿನ ಹಬ್ಬಹರಿದಿನಗಳಿಗೆಂದು ಸರ್ಕಾರ ರಾತ್ರಿ 12ರವರೆಗೆ ಸಡಿಲಿಸಬಹುದು. ಬೆಳಗಿನವರೆಗೂ ನಡೆಯುತ್ತಿದ್ದ ಕುರುಕ್ಷೇತ್ರಕ್ಕೆ ಇದು ಕಷ್ಟವೇ. ಆದರೆ ಮಾತು ತಿಳಿಯುವಂತೆ ಹೊಂದಿಸಿದ ಸೆಟ್ಟಿಗೆ ಅಬ್ಬರ ಬೇಕಿಲ್ಲ. ವ್ಯಂಜನ ಸ್ಪಷ್ಟವಾದರೆ ಒಟ್ಟು ಸದ್ದನ್ನು ಧಾರಾಳವಾಗಿ ಇಳಿಸಬಹುದು. ಅಜ್ಜಿಗೆ ಕೃಷ್ಣನ ಮಾತು ತಿಳಿಯುತ್ತದೆ, ಹುಡುಗನ ಓದು ಸಾಗುತ್ತದೆ. ಕೆಳಗಿನ ಆವೃತ್ತಿಗಳೇ ಗೋಡೆ ದಾಟಿ ದೂರ ಹೋಗುವಂಥವು. ಬೇಸ್ ತಗ್ಗಿಸಿದರೆ ಇಬ್ಬರಿಗೂ ಲಾಭ.

ಹೋಗುವವರಿಗೆ

ಶ್ರೀನಿವಾಸಪುರಕ್ಕೆ ಕೋಲಾರ, ಚಿಂತಾಮಣಿ, ಮುಳಬಾಗಿಲು ಕಡೆಗಳಿಂದ ರಸ್ತೆಯಿದೆ. ಒಂದು ಕಾಲದಲ್ಲಿ ನ್ಯಾರೋಗೇಜ್ ಪುಟ್ಟ ರೈಲು ತೆವಳುತ್ತಿದ್ದ ಕೋಲಾರ–ಚಿಕ್ಕಬಳ್ಳಾಪುರ ಮಾರ್ಗ 2013ರಲ್ಲಿ ಬ್ರಾಡ್‌ಗೇಜ್ ಆಗಿ ತೆರೆಯಿತು. ಊರಿಗೆ ಅದರ ನಿಲ್ದಾಣವಿದೆ. ಮಾವು ನೋಡಬೇಕಾದರೆ ಜೂನ್ ಸರಿಯಾದ ಕಾಲ. ಮಕ್ಕಳ ಜೊತೆ ಹೋದವರು ಮಂಡಿಯಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲಲಿ. ಲಾರಿಯ ಎಂಜಿನ್ನಿನ ಗುಡುಗು ಕೆಳಗಿನ ಆವೃತ್ತಿ, ಹರಾಜಿನವನ ಕೂಗು ನಡುವಿನದು, ಹಣ್ಣಿನ ಕೆಳಗೆ ಹಾಸಿದ ಒಣಹುಲ್ಲಿನ ಸರಪರ ಮೇಲಿನದು. ಅಷ್ಟು ಗದ್ದಲದ ನಡುವೆಯೂ ತನಗೆ ಬೇಕಾದ ಬೆಲೆಯ ಮಾತನ್ನು ರೈತ ಹೆಕ್ಕಿಕೊಳ್ಳುತ್ತಾನೆ. ಅವನ ಹಾಗೆ ಕೇಳಲು ಕಲಿತವರ ಕೈಗೆ ಈಕ್ವಲೈಸರಿನ ಗುಂಡಿ ಕೊಟ್ಟರೆ ಚಿಂತೆಯಿಲ್ಲ.